ಅರ್ಥಶಾಸ್ತ್ರ ಬಿಟ್ಟು ಹೋಗುವ ಮಕ್ಕಳು: ವಿಭಾಗಗಳೇ ಮಾಡಬಹುದಾದ ಕೆಲಸ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಪದವಿ ಕಾಲೇಜುಗಳಲ್ಲಿ ಬಿ.ಎ. ಸೇರುವಾಗ ಅರ್ಥಶಾಸ್ತ್ರ ಆರಿಸಿಕೊಂಡ ಮಕ್ಕಳಲ್ಲಿ ಹಲವರು ಮೊದಲ ಆಂತರಿಕ ಪರೀಕ್ಷೆ ಮುಗಿಯುತ್ತಿದ್ದಂತೆ ವಿಷಯ ಬದಲಿಸಿಕೊಡಿ ಎಂದು ಕಚೇರಿ ಕಿಟಕಿಗೆ ಬಂದು ನಿಲ್ಲುತ್ತಾರೆ. ಯಾಕೆ ಎಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಸರ್, ನಂದು ಗಣಿತ ಕಚ್ಚಾ ಅದ.’ ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಈ ಕಡಿ ಹುಡುಗರೇ ಹಿಂಗ’ ಎಂಬ ಷರಾ ಬೀಳುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಈ ಷರಾ ತಪ್ಪು. ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳು ದಡ್ಡರಲ್ಲ. ದಿನಾ ತರಗತಿಗೆ ಬರುವ, ಮನೆಯಲ್ಲಿ ಶಾಲೆಯ ಭಾಷೆಯನ್ನೇ ಆಡುವ, ಎಸ್ಸೆಸ್ಸೆಲ್ಸಿ ಗಣಿತ ಮರೆಯದ ಒಂದೇ ಬಗೆಯ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಅರ್ಥಶಾಸ್ತ್ರ ವಿಭಾಗಗಳು ಪಾಠ, ಪರೀಕ್ಷೆ, ವೇಳಾಪಟ್ಟಿ ಎಲ್ಲವನ್ನೂ ಇಟ್ಟುಕೊಂಡಿವೆ. ಇದನ್ನು ಬದಲಿಸಲು ಸರ್ಕಾರದ ಆದೇಶ ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ಮೊದಲ ಸೆಮಿಸ್ಟರಿನ ಮೊದಲ ಆರು ವಾರವನ್ನು ಬೇರೆ ರೀತಿ ಬಳಸಿದರೆ ಬಹುಪಾಲು ಕೆಲಸ ಆಗುತ್ತದೆ. ಹೇಗೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ, ದಯವಿಟ್ಟು ಪ್ರಕಟಿಸಬೇಕು.

ತರಗತಿಯಲ್ಲಿ ಯಾರಿದ್ದಾರೆ ಎಂಬುದರಿಂದಲೇ ಶುರು ಮಾಡೋಣ. ಭಾಲ್ಕಿ, ಔರಾದ, ಆಳಂದ ಕಡೆಯಿಂದ ಮರಾಠಿ ಮಾಧ್ಯಮದಲ್ಲಿ ಓದಿದವರು. ಕಲಬುರಗಿ, ಬೀದರ್ ಹಳೇ ಊರುಗಳ ಉರ್ದು ಮಾಧ್ಯಮದ ಹುಡುಗಿಯರು. ಮನೆಯಲ್ಲಿ ತೆಲುಗು ಆಡುವ ಗುರುಮಠಕಲ್, ಸೇಡಂ ಗಡಿಯವರು. ಲಂಬಾಣಿ ಮಾತಿನ ತಾಂಡಾದ ಮಕ್ಕಳು. ಪಿಯುನಲ್ಲಿ ಕಲಾ ವಿಭಾಗ ಓದಿ, ಗಣಿತ ಪುಸ್ತಕ ಮುಚ್ಚಿ ಎರಡು ವರ್ಷ ಕಳೆದವರೇ ಹೆಚ್ಚು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ 51.83. ಅಂದು ಅಕ್ಷರ ಬಾರದವರೆಂದು ಬರೆಸಿಕೊಂಡ ತಂದೆತಾಯಿಯರ ಮಕ್ಕಳೇ ಇಂದು ಪದವಿ ತರಗತಿಯಲ್ಲಿ ಕೂತಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲೂಕುಗಳ ಪೈಕಿ 21 ನಮ್ಮ ಕಲಬುರಗಿ ಕಂದಾಯ ವಿಭಾಗದವೇ. ಪ್ರಾದೇಶಿಕ ಅಸಮಾನತೆಯ ಅಧ್ಯಾಯದಲ್ಲಿ ಈ ವರದಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಅಸಮಾನತೆ ಹೊತ್ತು ಬಂದವರು ಎದುರಿಗೇ ಕೂತಿದ್ದರೂ ಪಾಠದ ರೀತಿ ಬದಲಾಗುವುದಿಲ್ಲ.

ಮೊದಲು ಗಣಿತದ ಭಯ. ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ ಬಹಳ ಕಡಿಮೆ: ಶೇಕಡಾ, ಅನುಪಾತ, ಸರಾಸರಿ, ಒಂದು ಕೋಷ್ಟಕವನ್ನು ಗ್ರಾಫ್ ಹಾಳೆ ಮೇಲೆ ಗುರುತು ಹಾಕುವುದು, ಗೆರೆಯ ಇಳಿಜಾರು ಓದುವುದು. ಇಷ್ಟೇ. ಆದರೆ ಈ ಐದರಲ್ಲಿ ಎಲ್ಲಿ ಎಡವುತ್ತಾರೆ ಎಂಬುದು ಅಧ್ಯಾಪಕರಿಗೆ ತಿಳಿಯುವುದು ಪರೀಕ್ಷೆಯ ಉತ್ತರಪತ್ರಿಕೆ ನೋಡಿದ ಮೇಲೆ, ಅಷ್ಟರಲ್ಲಿ ತಡವಾಗಿರುತ್ತದೆ. ಮೊದಲ ವಾರವೇ ಅಂಕವಿಲ್ಲದ, ಇಪ್ಪತ್ತು ನಿಮಿಷದ ಒಂದು ಹಾಳೆ ಕೊಡಬೇಕು. ಹತ್ತು ಲೆಕ್ಕ ಸಾಕು. ಹೆಸರು ಬರೆಸಬಾರದು, ಹಾಜರಿ ಸಂಖ್ಯೆಯೂ ಬೇಡ. ತರಗತಿ ಒಟ್ಟಾರೆ ಯಾವ ಲೆಕ್ಕದಲ್ಲಿ ತಪ್ಪುತ್ತಿದೆ ಎಂದಷ್ಟೇ ನಮಗೆ ತಿಳಿಯಬೇಕು. ಹೆಸರು ಬರೆಸಿದ ಕೂಡಲೇ ಪಕ್ಕದವರ ಹಾಳೆ ನೋಡಿ ಬರೆಯುತ್ತಾರೆ, ಫಲಿತಾಂಶ ಕೆಲಸಕ್ಕೆ ಬಾರದು.

ಸಾಮಾನ್ಯವಾಗಿ ಸಿಕ್ಕುವ ತಪ್ಪು ಶೇಕಡಾವಾರು ಬದಲಾವಣೆಯಲ್ಲಿ ಯಾವುದರಿಂದ ಭಾಗಿಸಬೇಕು ಎಂಬುದು. ಒಂದು ಉದಾಹರಣೆ ಕೊಡುತ್ತೇವೆ. ತೊಗರಿಬೇಳೆ ಕಿಲೋಗೆ 120 ರೂಪಾಯಿ ಇದ್ದಾಗ ಒಂದು ಮನೆ ತಿಂಗಳಿಗೆ 4 ಕಿಲೋ ಕೊಳ್ಳುತ್ತದೆ, 150 ಆದಾಗ ಮೂರೂವರೆ ಕಿಲೋ ಕೊಳ್ಳುತ್ತದೆ ಎಂದುಕೊಳ್ಳಿ. ಬೆಲೆ ಶೇ 25 ಏರಿತು, ಕೊಳ್ಳುವುದು ಶೇ 12.5 ಇಳಿಯಿತು; ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಬೇಡಿಕೆಯ ಸ್ಥಿತಿಸ್ಥಾಪಕತ್ವ 0.5. ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿಸಿ: ಬೆಲೆ 150ರಿಂದ 120ಕ್ಕೆ ಇಳಿದರೆ ಶೇ 20 ಇಳಿಕೆ, ಖರೀದಿ ಮೂರೂವರೆಯಿಂದ 4ಕ್ಕೆ ಏರಿದರೆ ಶೇ 14.29 ಏರಿಕೆ, ಉತ್ತರ 0.71. ಅದೇ ಬೇಳೆ, ಅದೇ ಮನೆ, ಎರಡು ಉತ್ತರ! ತರಗತಿ ಇಲ್ಲಿ ಎಚ್ಚರವಾಗುತ್ತದೆ. ‘ಯಾವುದು ಖರೇ?’ ಎಂದು ಹಿಂದಿನ ಬೆಂಚಿನವರೂ ಕೇಳುತ್ತಾರೆ. ಆಗ ಎರಡೂ ಬೆಲೆಗಳ ಸರಾಸರಿ 135, ಎರಡೂ ಪ್ರಮಾಣಗಳ ಸರಾಸರಿ 3.75 ಹಿಡಿದು ಭಾಗಿಸಿದರೆ ಯಾವ ದಿಕ್ಕಿನಿಂದ ಮಾಡಿದರೂ 0.6 ಬರುತ್ತದೆ ಎಂದು ತೋರಿಸಬಹುದು. ಈ ಮಧ್ಯಬಿಂದು ಸೂತ್ರವನ್ನು ಬೋರ್ಡಿನ ಮೇಲೆ ಮೊದಲೇ ಬರೆದುಬಿಟ್ಟರೆ ಅದು ಇನ್ನೊಂದು ಕಂಠಪಾಠ. ಎರಡು ಉತ್ತರಗಳ ತೊಡಕು ಎದುರಾದ ಮೇಲೆ ಕೊಟ್ಟರೆ ಅದು ಬೇಕಾಗಿದ್ದ ಸಾಧನ.

ಗ್ರಾಫಿನಲ್ಲಿ ಇನ್ನೊಂದು ಗೊಂದಲವಿದೆ, ಇದನ್ನು ಪಠ್ಯಪುಸ್ತಕಗಳು ಹೇಳುವುದೇ ಅಪರೂಪ. ಪ್ರೌಢಶಾಲೆಯ ಗಣಿತದಲ್ಲಿ ಕಾರಣವಾಗುವ ಸಂಖ್ಯೆಯನ್ನು ಅಡ್ಡ ಅಕ್ಷದಲ್ಲಿಡುತ್ತೇವೆ. ಅರ್ಥಶಾಸ್ತ್ರದಲ್ಲಿ ಆಲ್ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞರ ಕಾಲದಿಂದ ಬೆಲೆಯನ್ನು ಲಂಬ ಅಕ್ಷದಲ್ಲಿಡುವುದು ರೂಢಿ. ಗಣಿತ ಚೆನ್ನಾಗಿ ನೆನಪಿಟ್ಟುಕೊಂಡ ಹುಡುಗಿಯೇ ಇಲ್ಲಿ ಉಲ್ಟಾ ಹಾಕಿ ಅಂಕ ಕಳೆದುಕೊಳ್ಳುತ್ತಾಳೆ, ತನಗೇ ಬರುವುದಿಲ್ಲ ಎಂದುಕೊಳ್ಳುತ್ತಾಳೆ. ‘ಇದು ರೂಢಿ, ನಿಮ್ಮ ಗಣಿತ ಸರಿಯಾಗಿಯೇ ಇದೆ’ ಎಂದು ಮೊದಲ ದಿನವೇ ಒಂದು ಮಾತು ಹೇಳಿದರೆ ಸಾಕು. ಮತ್ತೊಂದು: ಕೋಷ್ಟಕವಿಲ್ಲದೆ ರೇಖೆ ಬರೆಯಬೇಡಿ. ಮೊದಲು ಆರು ಸಾಲಿನ ಕೋಷ್ಟಕ, ಆಮೇಲೆ ಆರು ಚುಕ್ಕಿ, ಆಮೇಲೆ ಗೆರೆ. ನೇರವಾಗಿ ಎರಡು ಗೆರೆ ಎಳೆದು ‘ಡಿ’ (ಬೇಡಿಕೆ), ‘ಎಸ್’ (ಪೂರೈಕೆ) ಎಂದು ಬರೆದರೆ ಮಕ್ಕಳಿಗೆ ಅದು ಚಿತ್ರವಾಗಿ ಉಳಿಯುತ್ತದೆ, ಅರ್ಥವಾಗಿ ಉಳಿಯುವುದಿಲ್ಲ.

ಈ ಅಭ್ಯಾಸಕ್ಕೆ ವಾರಕ್ಕೆ ಎರಡು ತಾಸು, ಆರು ವಾರ ಬೇಕು. ಆದರೆ ಇದನ್ನು ‘ರೆಮಿಡಿಯಲ್ ಕ್ಲಾಸ್’ ಎಂದು ಕರೆಯಬೇಡಿ. ನಿಧಾನ ಕಲಿಯುವವರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸುವ ಪದ್ಧತಿ ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಾಂಕನ ಸಮಿತಿಗೆ ಕಡತ ತೋರಿಸಲು ಅನುಕೂಲ, ಮಕ್ಕಳಿಗೆ ಅವಮಾನ. ಪಟ್ಟಿಯಲ್ಲಿ ಹೆಸರಿದ್ದವರೇ ಆ ತರಗತಿಗೆ ಬರುವುದಿಲ್ಲ. ವೇಳಾಪಟ್ಟಿಯೊಳಗೇ ಎಲ್ಲರಿಗೂ ‘ಲೆಕ್ಕ ಮತ್ತು ಗ್ರಾಫ್ ಅಭ್ಯಾಸ’ ಎಂದು ಇಡಿ. ಲೆಕ್ಕ ಬರುವವರು ಬೇರೆಯವರಿಗೆ ಹೇಳಿಕೊಡಲಿ.

ತರಗತಿಯಲ್ಲಿ ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ಯಾರಿಗೆ ಗೊತ್ತು?’ ಎಂದರೆ ಮುಂದಿನ ಬೆಂಚಿನ ಅವರೇ ನಾಲ್ಕು ಮಂದಿ ಕೈ ಎತ್ತುತ್ತಾರೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ಪದ್ಧತಿ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಯಂತ್ರ ಬೇಕಿಲ್ಲ. ಬೋರ್ಡಿನ ಮೇಲೆ ಒಂದು ಪ್ರಶ್ನೆ, ಮೂರು ಉತ್ತರ. ಉದಾಹರಣೆಗೆ: ತೊಗರಿಬೇಳೆ ಬೆಲೆ ಏರಿದರೆ ತೊಗರಿಬೇಳೆಯ ಬೇಡಿಕೆ ರೇಖೆ ಒಂದು, ಎಡಕ್ಕೆ ಸರಿಯುತ್ತದೆ, ಎರಡು, ಬಲಕ್ಕೆ ಸರಿಯುತ್ತದೆ, ಮೂರು, ಸರಿಯುವುದಿಲ್ಲ. ಒಂದು ನಿಮಿಷ ಯೋಚಿಸಿ, ಪಕ್ಕದವರಿಗೆ ಕಾಣದಂತೆ ಎದೆಗೆ ಹಿಡಿದು ಬೆರಳು ತೋರಿಸಬೇಕು. ಸರಿಯುತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರೊಳಗಿದ್ದರೆ ಉತ್ತರ ಹೇಳದೆ ಪಕ್ಕದವರೊಂದಿಗೆ ಮೂರು ನಿಮಿಷ ವಾದ ಮಾಡಲು ಬಿಡಿ, ಮತ್ತೆ ಬೆರಳು ಕೇಳಿ. ಅದಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೊಮ್ಮೆ ಮಾಡಬೇಕು, ಹೆಚ್ಚಿದ್ದರೆ ಮುಂದೆ ಹೋಗಬೇಕು. ಮೇಲಿನ ಪ್ರಶ್ನೆಗೆ ಬಹಳ ಮಂದಿ ಒಂದು ಬೆರಳು ತೋರಿಸುತ್ತಾರೆ. ಬೆಲೆ ಏರಿದಾಗ ರೇಖೆ ಸರಿಯುವುದಿಲ್ಲ, ಅದೇ ರೇಖೆಯ ಮೇಲೆ ನಾವು ಮೇಲಕ್ಕೆ ಹೋಗುತ್ತೇವೆ. ವಾದ ಯಾವ ಭಾಷೆಯಲ್ಲಾದರೂ ನಡೆಯಲಿ: ಉರ್ದು, ಮರಾಠಿ, ಲಂಬಾಣಿ, ನಮ್ಮ ಕಲಬುರಗಿ ಕನ್ನಡ. ಬರೆಯುವಾಗ ಮಾತ್ರ ಪರೀಕ್ಷೆಯ ಭಾಷೆ.

ಇನ್ನು ಮಾರುಕಟ್ಟೆ ಆಟ. ಆರು ವಾರದಲ್ಲಿ ಒಂದೇ ಒಂದು ಹೊಸ ಕೆಲಸ ಮಾಡುವುದಾದರೆ ಇದನ್ನೇ ಮಾಡಿ ಎಂದು ಹೇಳುತ್ತೇವೆ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ತರಗತಿಯಲ್ಲಿ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರ ವಿದ್ಯಾರ್ಥಿಯಾಗಿದ್ದ ವರ್ನನ್ ಸ್ಮಿತ್ ತಿದ್ದಿ ಬೆಳೆಸಿದರು. 2002ರ ನೊಬೆಲ್ ಸ್ಮಿತ್ ಅವರ ಈ ಬಗೆಯ ಪ್ರಯೋಗಗಳಿಗೇ ಬಂತು. ನಮ್ಮಲ್ಲಿ ಇದನ್ನು ಕಲಬುರಗಿ ಮಾರುಕಟ್ಟೆ ನೆಹರು ಗಂಜಿನ ತೊಗರಿ ವ್ಯಾಪಾರವಾಗಿ ಮಾಡಬಹುದು.

ಇಪ್ಪತ್ತು ಚೀಟಿ ಬೇಕು. ಹತ್ತು ಮಾರುವವರದು: ‘ಇದಕ್ಕಿಂತ ಕಡಿಮೆಗೆ ಕೊಡಬೇಡ’ ಎಂದು ಬರೆದು 6,000ದಿಂದ ಶುರು ಮಾಡಿ 300ರಂತೆ ಏರಿಸುತ್ತ 8,700ರವರೆಗೆ. ಹತ್ತು ಕೊಳ್ಳುವವರದು: ‘ಇದಕ್ಕಿಂತ ಹೆಚ್ಚು ಕೊಡಬೇಡ’ ಎಂದು 9,000ದಿಂದ 300ರಂತೆ ಇಳಿಸುತ್ತ 6,300ರವರೆಗೆ. ಒಬ್ಬರಿಗೆ ಒಂದೇ ಕ್ವಿಂಟಲ್. ತರಗತಿಯಲ್ಲಿ ಅರವತ್ತು ಮಂದಿ ಇದ್ದರೆ ಒಂದು ಚೀಟಿಗೆ ಮೂವರು. ಚೀಟಿಯನ್ನು ಡಬ್ಬಿಯಿಂದ ಎತ್ತಿಸಿ. ಅವರವರೇ ಗುಂಪು ಮಾಡಿಕೊಂಡರೆ ಒಂದೇ ಊರಿನವರು, ಒಂದೇ ಓಣಿಯವರು ಒಟ್ಟಾಗಿ ಕೂರುತ್ತಾರೆ. ಮೂವರ ಗುಂಪಿನಲ್ಲಿ ಹುಡುಗಿ ಒಬ್ಬಳೇ ಆಗದಂತೆ ನೋಡಿಕೊಳ್ಳಬೇಕು. ಒಬ್ಬಳೇ ಆದರೆ ಬರೆಯುವ ಕೆಲಸ ಅವಳಿಗೆ, ಮಾತನಾಡುವ ಕೆಲಸ ಹುಡುಗರಿಗೆ ಹೋಗುತ್ತದೆ. ಐದು ನಿಮಿಷದ ಸುತ್ತು. ಸೌದಾ ಆದ ಕೂಡಲೇ ಬಂದು ಬೆಲೆ ಹೇಳಬೇಕು, ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ಈ ಬರೆಯುವುದನ್ನು ಮರೆತರೆ ಆಟ ಕೆಡುತ್ತದೆ. ಬೇರೆಯವರ ಬೆಲೆ ಕಾಣದಿದ್ದರೆ ಮೂಲೆಮೂಲೆಗೆ ಒಂದೊಂದು ದರ ನಡೆಯುತ್ತದೆ.

ಮೊದಲ ಸುತ್ತಿನಲ್ಲಿ ಬೆಲೆ ಚೆಲ್ಲಾಪಿಲ್ಲಿ. ಮೂರನೆಯ ಸುತ್ತಿಗೆ 7,500ರ ಆಸುಪಾಸಿಗೆ ಬರುತ್ತದೆ, ಐದು ಇಲ್ಲವೇ ಆರು ಸೌದಾ ಆಗುತ್ತವೆ. ಆಮೇಲೆ ಚೀಟಿಗಳನ್ನು ಬಿಚ್ಚಿ, ಸಾಲಾಗಿ ಜೋಡಿಸಿ, ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದರೆ ಪೂರೈಕೆ, ಬೇಡಿಕೆ ರೇಖೆಗಳು ಮಕ್ಕಳ ಕೈಯಿಂದಲೇ ಬಂದಿರುತ್ತವೆ, ಅವು ಕೂಡುವುದು 7,500ರಲ್ಲಿ. ಚೀಟಿಯ ಸಂಖ್ಯೆಗೂ ಸೌದಾ ಬೆಲೆಗೂ ಇರುವ ಅಂತರ ಕೂಡಿದರೆ ಕೊಂಡವರ ಒಟ್ಟು ಉಳಿತಾಯ 4,500, ಮಾರಿದವರದು 4,500. ಎರಡೂ ಸೇರಿ 9,000. ಅನುಭೋಗಿಯ ಹೆಚ್ಚುವರಿ ಎಂಬ ಪಾಠ ಇಷ್ಟರಲ್ಲಿ ಮುಗಿಯಿತು.

ನಂತರ 8,000ಕ್ಕಿಂತ ಕಡಿಮೆಗೆ ಮಾರುವಂತಿಲ್ಲ ಎಂದು ನಿಯಮ ಹಾಕಿ. ತೊಗರಿಗೆ 2025-26ರ ಕನಿಷ್ಠ ಬೆಂಬಲ ಬೆಲೆಯೂ ಅಷ್ಟೇ. ಈಗ ಮಾರಲು ಸಿದ್ಧರಿರುವವರು ಏಳು, ಕೊಳ್ಳುವವರು ನಾಲ್ಕು. ಮೂರು ಕ್ವಿಂಟಲ್ ಉಳಿಯುತ್ತದೆ. ಆದರೆ ನಿಜವಾದ ಬೆಂಬಲ ಬೆಲೆ ಹೀಗಲ್ಲ, ಅದರ ಕೆಳಗೆ ಕೊಳ್ಳಬಾರದೆಂದು ವ್ಯಾಪಾರಿಗೆ ಯಾರೂ ಕಟ್ಟು ಹಾಕಿಲ್ಲ. ಹಾಗಾಗಿ ಇನ್ನೊಂದು ಸುತ್ತಿನಲ್ಲಿ ಆ ನಿಯಮ ತೆಗೆದು ಒಬ್ಬ ವಿದ್ಯಾರ್ಥಿನಿಯನ್ನು ಖರೀದಿ ಕೇಂದ್ರವಾಗಿ ಕೂರಿಸಿ, 8,000ಕ್ಕೆ ಮೂರು ಕ್ವಿಂಟಲ್ ಕೊಳ್ಳಲು ಹೇಳಿ. ಬೆಲೆ 8,000ಕ್ಕೆ ನಿಲ್ಲುತ್ತದೆ. ಅವಳು ಒಂದೇ ಕ್ವಿಂಟಲ್ ಕೊಂಡು ಕೇಂದ್ರ ಮುಚ್ಚಿದರೆ? ಉಳಿದವರ ಬೆಲೆ 7,500 ಮತ್ತು 7,800ರ ನಡುವೆಯೇ ಉಳಿಯುತ್ತದೆ. ಬೆಂಬಲ ಬೆಲೆ ಘೋಷಿಸಿದರೂ ಖರೀದಿ ಕೇಂದ್ರ ತಡವಾಗಿ ತೆರೆದರೆ, ಇಲ್ಲವೇ ಮಿತಿ ಹಾಕಿದರೆ ಏನಾಗುತ್ತದೆ ಎಂದು ಜೇವರ್ಗಿ, ಚಿತ್ತಾಪುರದ ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅದು ಯಾಕೆ ಹಾಗಾಗುತ್ತದೆ ಎಂದು ಸಂಖ್ಯೆಯಲ್ಲಿ ತೋರಿಸುವ ಶಕ್ತಿ ಅವರಿಗೆ ಇಲ್ಲಿ ಸಿಗುತ್ತದೆ.

ಈ ಆಟದಲ್ಲಿ ಒಂದು ತಪ್ಪು ಖಾಯಂ: ಮಾರುವವರು ತಮ್ಮ ಚೀಟಿಯ ಸಂಖ್ಯೆಯನ್ನೇ ಬೆಲೆ ಎಂದುಕೊಂಡು ಅಷ್ಟಕ್ಕೇ ಕೊಟ್ಟುಬಿಡುತ್ತಾರೆ. ಆಟಕ್ಕೆ ಮೊದಲು ಒಂದು ಸೌದಾ ಎಲ್ಲರ ಎದುರು ಮಾಡಿ ತೋರಿಸಿ.

ಹಿಂದಿನ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುವುದರಿಂದ ಬೆಲೆ ಏರಿಳಿತ ಹೇಗೆ ತಾನಾಗಿ ಮುಂದುವರಿಯುತ್ತದೆ ಎಂಬ ಜೇಡರಬಲೆ ಸಿದ್ಧಾಂತವೂ ನಮ್ಮಲ್ಲಿ ಪುಸ್ತಕದಲ್ಲೇ ಉಳಿದಿದೆ. 2024ರಲ್ಲಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿದ್ದ ತೊಗರಿ 2025ರ ಆರಂಭದಲ್ಲಿ ಆಗಿನ ಬೆಂಬಲ ಬೆಲೆ 7,550ರ ಆಸುಪಾಸಿಗೆ ಇಳಿದದ್ದನ್ನು ಬೋರ್ಡಿನ ಮೇಲೆ ಬರೆದು, ಎಷ್ಟು ಭಾಗ ಬಿತ್ತನೆಯಿಂದ, ಎಷ್ಟು ಭಾಗ ಮ್ಯಾನ್ಮಾರ್ ಮತ್ತು ಆಫ್ರಿಕಾದ ಸುಂಕರಹಿತ ಆಮದಿನಿಂದ ಎಂದು ಚರ್ಚೆಗೆ ಬಿಡಿ. ಒಂದೇ ಉತ್ತರ ಸಿಗದು. ಸಿಗದಿರುವುದೇ ಒಳ್ಳೆಯದು.

ಸ್ಥಳೀಯ ಉದಾಹರಣೆ ಕೊಡುವಾಗ ಒಂದು ಎಚ್ಚರ ಬೇಕು. ಗುಳೆ ಬಗ್ಗೆ ಪಾಠ ಬಂದಾಗ ತಾಂಡಾದ ಹುಡುಗನನ್ನು ಎಬ್ಬಿಸಿ ‘ನಿಮ್ಮ ಮನೆಯವರು ಹೋಗ್ತಾರಲ್ಲ, ಹೇಳು’ ಎನ್ನುವುದು, ಬಡತನ ರೇಖೆ ಬಂದಾಗ ಬಿಪಿಎಲ್ ಕಾರ್ಡ್ ಇರುವವರು ಕೈ ಎತ್ತಿ ಎನ್ನುವುದು, ಮೀಸಲಾತಿ ಚರ್ಚೆಯಲ್ಲಿ ಒಬ್ಬಿಬ್ಬರ ಮೇಲೆ ಎಲ್ಲರ ಕಣ್ಣು ಬೀಳುವಂತೆ ಮಾಡುವುದು. ಒಳ್ಳೆಯ ಮನಸ್ಸಿನಿಂದಲೇ ಇವನ್ನು ಮಾಡುತ್ತಾರೆ, ಆದರೆ ಆ ಹುಡುಗ ಮರುದಿನ ಬರುವುದಿಲ್ಲ. ಉದಾಹರಣೆ ಊರಿನದಾಗಿರಲಿ, ಎದುರಿಗೆ ಕೂತ ವಿದ್ಯಾರ್ಥಿಯದಾಗುವುದು ಬೇಡ. ‘ಒಂದು ಕುಟುಂಬ ಸುರಪುರದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತದೆ ಎಂದುಕೊಳ್ಳಿ’ ಎಂದರೆ ಹೇಳಬೇಕೆನಿಸಿದವರು ತಾವಾಗಿಯೇ ಹೇಳುತ್ತಾರೆ.

ಹಾಜರಿಯ ವಿಚಾರಕ್ಕೆ ಬರೋಣ. ಯಾದಗಿರಿ ಕಡೆ ಅಕ್ಟೋಬರ್‌ನಿಂದ ಹತ್ತಿ ಬಿಡಿಸುವ ಕೆಲಸ, ಕಲಬುರಗಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಬೀದರಿನಲ್ಲಿ ಕಬ್ಬು ಕಡಿಯುವ ಕಾಲ. ಆಗ ತರಗತಿ ಅರ್ಧ ಖಾಲಿಯಾಗುತ್ತದೆ. ಇದನ್ನು ಅಶಿಸ್ತು ಎನ್ನುವ ಮೊದಲು ನಾವೇ ಕಲಿಸುವ ಅವಕಾಶ ವೆಚ್ಚದ (ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ) ಪಾಠವನ್ನು ಅನ್ವಯಿಸಿ ನೋಡಬೇಕು. ದಿನಗೂಲಿ 400 ರೂಪಾಯಿ, ವರ್ಷಕ್ಕೆ 200 ದಿನ ಕೆಲಸ ಸಿಗುತ್ತದೆ ಎಂದು ಹಿಡಿದರೂ ಒಂದು ವರ್ಷ ಕಾಲೇಜಿಗೆ ಬರುವುದರ ಬೆಲೆ 80,000 ರೂಪಾಯಿ. ಸರ್ಕಾರಿ ಕಾಲೇಜಿನ ಶುಲ್ಕ ಇದರ ಮುಂದೆ ಏನೇನೂ ಅಲ್ಲ. ರಾಶಿ ಕಾಲದಲ್ಲಿ ಕೂಲಿ ಏರುವುದರಿಂದ ಆ ಕೆಲವು ವಾರಗಳ ಬೆಲೆ ಇನ್ನೂ ಹೆಚ್ಚು. ಅಂದಮೇಲೆ ಆ ವಾರಗಳಲ್ಲೇ ಆಂತರಿಕ ಪರೀಕ್ಷೆ ಇಡುವುದು ಯಾವ ನ್ಯಾಯ? ಪರೀಕ್ಷೆಗೆ ಎರಡು ದಿನಾಂಕ ಕೊಡಿ, ಹತ್ತು ದಿನಗಳ ಅಂತರವಿರಲಿ, ಎರಡು ಪ್ರಶ್ನೆಪತ್ರಿಕೆ ತಯಾರಿಸಿ. ಅಧ್ಯಾಪಕರಿಗೆ ಒಂದು ಸಂಜೆಯ ಹೆಚ್ಚುವರಿ ಕೆಲಸ ಅಷ್ಟೇ.

ಶೇ 75 ಹಾಜರಿಯ ನಿಯಮವನ್ನು ವಿಭಾಗ ಬದಲಿಸಲಾಗದು. ಆದರೆ ಊರಲ್ಲಿದ್ದಾಗಲೂ ಓದಿನ ಎಳೆ ಕಡಿಯದಂತೆ ಮಾಡಬಹುದು. ಅದಕ್ಕೆ ಬೆಲೆ ಸೂಚ್ಯಂಕದ ಯೋಜನೆ ತಕ್ಕದ್ದು. ಪ್ರತಿ ವಿದ್ಯಾರ್ಥಿ ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಅಂಗಡಿಯಲ್ಲಿ ಎಂಟು ಸಾಮಾನಿನ ಬೆಲೆ ಬರೆದುಕೊಳ್ಳಬೇಕು: ಜೋಳ, ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಳ್ಳಾಗಡ್ಡಿ, ಖಾರದ ಪುಡಿ, ಸಾಬೂನು. ಪುಣೆಗೋ ಹೈದರಾಬಾದಿಗೋ ಹೋದವರು ಅಲ್ಲಿಯ ಬೆಲೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ. ಆಗ ತರಗತಿಗೆ ನಗರದ ಬೆಲೆಯೂ ಸಿಕ್ಕಿತು, ಹೋದ ಹುಡುಗ ಪಾಠದೊಳಗೇ ಉಳಿದ.

ಲೆಕ್ಕ ಹೀಗೆ. ತಿಂಗಳಿಗೆ ಜೋಳ 10 ಕಿಲೋ 40ರಂತೆ 400, ಬೇಳೆ 3 ಕಿಲೋ 120ರಂತೆ 360, ಎಣ್ಣೆ 2 ಲೀಟರ್ 120ರಂತೆ 240, ಒಟ್ಟು 1,000. ಕೆಲ ತಿಂಗಳ ನಂತರ ಜೋಳ 44, ಬೇಳೆ 130, ಎಣ್ಣೆ 125 ಆದರೆ ಅದೇ ಸಾಮಾನಿಗೆ 440, 390, 250, ಒಟ್ಟು 1,080. ಸೂಚ್ಯಂಕ 108. ಮೂರು ಸಾಮಾನುಗಳ ಏರಿಕೆಯ ಬರೀ ಸರಾಸರಿ ತೆಗೆದರೆ ಶೇ 7.5 ಬರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿದರೆ ತೂಕ ಎಂಬುದರ ಅರ್ಥ ತಾನಾಗಿ ಹೊರಬೀಳುತ್ತದೆ: ಹೆಚ್ಚು ಖರ್ಚಾಗುವ ಜೋಳವೇ ಹೆಚ್ಚು ಏರಿದೆ. ಕೆಡುವುದು ಎರಡು ಕಡೆ. ಒಬ್ಬರು ಸೇರಿನ ಲೆಕ್ಕ, ಇನ್ನೊಬ್ಬರು ಕಿಲೋ ಲೆಕ್ಕ ಬರೆದಿರುತ್ತಾರೆ. ಇಲ್ಲವೇ ಒಂದು ವಾರ ಮೇಲು ದರ್ಜೆಯ ಫಟ್ಕಾ ಬೇಳೆ, ಮರು ವಾರ ಅಗ್ಗದ ಬೇಳೆ ನೋಡಿರುತ್ತಾರೆ. ಅಳತೆ, ದರ್ಜೆ ಎರಡನ್ನೂ ಮೊದಲ ವಾರವೇ ನೋಟ್‌ಬುಕ್ಕಿನ ಮೇಲ್ಭಾಗದಲ್ಲಿ ಬರೆಸಿಬಿಡಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸೆಮಿಸ್ಟರಿಗೆ ಬೇಕಾದ ನೂರು ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ ನಾಲ್ಕು ಕಾಲಂಗಳಲ್ಲಿ ಬರೆದು ಗೋಡೆಗೆ ಹಾಕಿ. ಉರ್ದು, ಮರಾಠಿ ಕಾಲಂಗಳನ್ನು ಆ ಮಾಧ್ಯಮದ ವಿದ್ಯಾರ್ಥಿಗಳೇ ತುಂಬಲಿ, ಆ ವಿಭಾಗದ ಅಧ್ಯಾಪಕರು ತಿದ್ದಲಿ. ಪ್ರಶ್ನೆಪತ್ರಿಕೆಯ ಕನ್ನಡ ಭಾಗವನ್ನು ಯಂತ್ರದಿಂದ ಅನುವಾದಿಸಿ ಹಾಗೇ ಮುದ್ರಿಸುವುದನ್ನು ವಿಶ್ವವಿದ್ಯಾಲಯಗಳು ನಿಲ್ಲಿಸಬೇಕು. ಪ್ರಶ್ನೆ ಅರ್ಥವಾಗದೆ ಬಿಟ್ಟ ಅಂಕವನ್ನು ವಿದ್ಯಾರ್ಥಿಯ ಖಾತೆಗೆ ಬರೆಯುವುದು ಅನ್ಯಾಯ.

ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಟಿಕೆಟ್ ಉಚಿತವಾದರೂ ಊರಿಗೆ ಹೋಗುವ ಬಸ್ಸಿನ ವೇಳೆ ಮಾತ್ರ ಹಳೆಯದೇ. ಅಭ್ಯಾಸ ತರಗತಿ, ಗುಂಪು ಕೆಲಸಗಳನ್ನು ಕೊನೆಯ ಅವಧಿಗೆ ಹಾಕಿದರೆ ಹಳ್ಳಿಯ ಹುಡುಗಿಯರಿಗೆ ಅವು ಸಿಗುವುದೇ ಇಲ್ಲ. ಎರಡನೆಯ ಇಲ್ಲವೇ ಮೂರನೆಯ ಅವಧಿಗೆ ತನ್ನಿ.

ದೃಷ್ಟಿ ಇಲ್ಲದ ವಿದ್ಯಾರ್ಥಿಗಳು ಅರ್ಥಶಾಸ್ತ್ರಕ್ಕೆ ಬರಲು ಹೆದರುವುದು ಗ್ರಾಫಿನಿಂದ. ಇದಕ್ಕೆ ದಪ್ಪ ರಟ್ಟು, ಹುರಿ, ಫೆವಿಕಾಲ್ ಸಾಕು. ಅಕ್ಷಗಳಿಗೆ ದಪ್ಪ ಹುರಿ, ರೇಖೆಗೆ ತೆಳು ದಾರ, ಎರಡು ರೇಖೆ ಕೂಡುವ ಕಡೆ ಒಂದು ಮಣಿ. ರಟ್ಟು ಎರಡು ಅಂಗೈಯಲ್ಲಿ ಸವರಿ ನೋಡುವಷ್ಟೇ ಇರಬೇಕು, ಒಂದು ರಟ್ಟಿನಲ್ಲಿ ಎರಡಕ್ಕಿಂತ ಹೆಚ್ಚು ರೇಖೆ ಬೇಡ. ಚೌಕಳಿ ಗೆರೆಗಳನ್ನೂ ಅಂಟಿಸಿದರೆ ಬೆರಳಿಗೆ ದಾರಿ ತಪ್ಪುತ್ತದೆ. ಪಾಠ ಮಾಡುವಾಗ ‘ಇದು ಇಲ್ಲಿಂದ ಇಲ್ಲಿಗೆ ಬರುತ್ತೆ’ ಎನ್ನುವ ಬದಲು ‘ಬೆಲೆ 10 ರೂಪಾಯಿ ಏರಿದಾಗ ಪ್ರಮಾಣ 2 ಕಿಲೋ ಇಳಿಯಿತು’ ಎನ್ನಬೇಕು. ಕಣ್ಣಿದ್ದವರಿಗೂ ಇದೇ ಸ್ಪಷ್ಟ. ನೋಟ್ಸ್ ಯೂನಿಕೋಡ್‌ನಲ್ಲಿರಲಿ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪಿಸಿದ್ದನ್ನು, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ, ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶ ಅರ್ಥವಿಲ್ಲದ ಅಕ್ಷರಗಳಾಗಿ ಓದುತ್ತದೆ, ಫೋಟೊ ತೆಗೆದು ಕಳಿಸಿದ ಪುಟವನ್ನು ನೇರವಾಗಿ ಓದುವುದಿಲ್ಲ. ಪರೀಕ್ಷೆಯಲ್ಲಿ ಬರೆಯುವ ಸಹಾಯಕರಿರುವವರಿಗೆ ಪ್ರತಿ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎಂಬುದು ಕೇಂದ್ರದ ಮಾರ್ಗಸೂಚಿ, ಮೂರು ತಾಸಿಗೆ ಒಂದು ತಾಸು. ಆಂತರಿಕ ಪರೀಕ್ಷೆಗಳಲ್ಲೂ ಇದನ್ನು ಪಾಲಿಸಬೇಕು. ಗ್ರಾಫ್ ಕೇಳುವ ಪ್ರಶ್ನೆಗೆ ಕೋಷ್ಟಕದಲ್ಲಿ ಉತ್ತರಿಸಲು ಅವರಿಗೆ ಬಿಡಬೇಕು.

ವಿದ್ಯಾರ್ಥಿವೇತನ ಕಚೇರಿಯ ಕೆಲಸ ಎಂದು ಅಧ್ಯಾಪಕರು ಕೈತೊಳೆದುಕೊಳ್ಳುತ್ತಾರೆ. ಆದರೆ ಹಣ ಬಾರದೆ ಕಾಲೇಜು ಬಿಡುವುದು ನಮ್ಮದೇ ತರಗತಿಯ ಮಕ್ಕಳು. ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಮಂಜೂರಾದರೂ ಹಣ ಖಾತೆಗೆ ಬಾರದಿರಲು ಬಹಳ ಸಲ ಒಂದೇ ಕಾರಣ: ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರೂ ಎನ್‌ಪಿಸಿಐ ಜೋಡಣೆ (ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಗುರುತು ಹಾಕುವುದು) ಆಗಿರುವುದಿಲ್ಲ, ಇಲ್ಲವೇ ಹಳೆಯ ಇನ್ನೊಂದು ಖಾತೆಗೆ ಆಗಿರುತ್ತದೆ. ಎರಡನೆಯದು, ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸ. ರೈತ ವಿದ್ಯಾನಿಧಿಯಲ್ಲಿ ಬಿ.ಎ. ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಇದೆ. ಹೊಲ ಇನ್ನೂ ಅಜ್ಜನ ಹೆಸರಲ್ಲೇ ಇದ್ದು ಪೌತಿ ಖಾತೆ ಆಗದಿದ್ದರೆ ಅಪ್ಪನ ಹೆಸರು ‘ಫ್ರೂಟ್ಸ್’ ಎಂಬ ಸರ್ಕಾರದ ರೈತರ ದಾಖಲೆಯಲ್ಲಿ ಬರುವುದಿಲ್ಲ, ಮಗಳಿಗೆ ಹಣವೂ ಇಲ್ಲ. ಆರು ವಾರದೊಳಗೆ ಒಂದು ದಿನ ವಿಭಾಗದಲ್ಲೇ ಕೂತು ಈ ಮೂರನ್ನು ಒಬ್ಬೊಬ್ಬರಾಗಿ ಪರಿಶೀಲಿಸಿ. ಜಾತಿವಾರು ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಬೇಡ. ಯಾರಿಗೆ ಹೇಳಬೇಕೋ ಅವರ ಫೋನಿಗೆ ತಿಳಿಸಿದರೆ ಮುಗಿಯಿತು. ಅದೇ ದಿನ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ವಿಧಿಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿಸಿ. ಉಪವಿಭಾಗಾಧಿಕಾರಿ ಕಚೇರಿಯಿಂದ ಸಿಗಬೇಕಾದ ಈ ಪತ್ರದ ನೆನಪು ನಮ್ಮ ಮಕ್ಕಳಿಗೆ ಬರುವುದು ನೇಮಕಾತಿ ಅರ್ಜಿಯ ಕೊನೆಯ ವಾರದಲ್ಲಿ.

ಇಷ್ಟೆಲ್ಲ ಮಾಡಲು ಅಧ್ಯಾಪಕರು ಜುಲೈ, ಆಗಸ್ಟಿನಲ್ಲೇ ತರಗತಿಯಲ್ಲಿರಬೇಕು. ಅತಿಥಿ ಉಪನ್ಯಾಸಕರ ನೇಮಕ ಸೆಮಿಸ್ಟರ್ ಅರ್ಧವಾದ ಮೇಲೆ ಮುಗಿಯುವ ಪದ್ಧತಿ ಹೀಗೇ ನಡೆದರೆ ಮೊದಲ ಆರು ವಾರವೇ ಇರುವುದಿಲ್ಲ. ಕಾಲೇಜು ಶಿಕ್ಷಣ ಇಲಾಖೆ ಕನಿಷ್ಠ ಮೊದಲ ಸೆಮಿಸ್ಟರಿನ ತರಗತಿಗಳಿಗಾದರೂ ಪ್ರವೇಶ ಮುಗಿಯುವ ಮೊದಲೇ ಅತಿಥಿ ಉಪನ್ಯಾಸಕರನ್ನು ಕೊಡಬೇಕು. ಗುಲಬರ್ಗಾ, ಬೀದರ್ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಬೆಲೆ ಸೂಚ್ಯಂಕ ಯೋಜನೆಯನ್ನು ಆಂತರಿಕ ಅಂಕದ ಒಂದು ಭಾಗವಾಗಿ ಒಪ್ಪಿಕೊಂಡರೆ ಊರಿಂದ ಬೆಲೆ ಕಳಿಸಿದ ವಿದ್ಯಾರ್ಥಿಗೂ ಅಂಕ ಸಿಗುತ್ತದೆ.

ತಮ್ಮಲ್ಲಿಯೂ ಒಂದು ವಿನಂತಿ. ಪತ್ರಿಕೆಗಳ ಧಾರಣೆ ಅಂಕಣದಲ್ಲಿ ಸಾಮಾನ್ಯವಾಗಿ ಒಂದೇ ಬೆಲೆ ಇರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಎಪಿಎಂಸಿಗಳ ತೊಗರಿ, ಹೆಸರು, ಸೋಯಾ, ಹತ್ತಿಗೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಸೌದಾ ನಡೆದ) ಬೆಲೆ ಮೂರನ್ನೂ, ಅವುಗಳ ಪಕ್ಕದಲ್ಲೇ ಆ ದಿನದ ಆವಕ ಎಷ್ಟು ಕ್ವಿಂಟಲ್ ಎಂಬುದನ್ನೂ ಮುದ್ರಿಸಬೇಕೆಂದು ಕೋರುತ್ತೇವೆ. ಆವಕ ಗೊತ್ತಿಲ್ಲದೆ ಬೆಲೆ ಮಾತ್ರ ಇದ್ದರೆ ಪೂರೈಕೆಯ ಪಾಠ ಮಾಡಲಾಗದು. ನಾಲ್ಕೂ ಸಂಖ್ಯೆ ದಿನಾ ಸಿಕ್ಕರೆ ಹಳ್ಳಿಯ ಹೋಟೆಲಿನಲ್ಲಿ ಪತ್ರಿಕೆ ಓದುವ ನಮ್ಮ ವಿದ್ಯಾರ್ಥಿ ಅಲ್ಲೇ ಕೂತು ಗ್ರಾಫ್ ಹಾಕಬಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕೆಲವು ಅರ್ಥಶಾಸ್ತ್ರ ಅಧ್ಯಾಪಕರು